ಮಾಸ್ತಿಕಟ್ಟೆಯ ಕಾಣಿಕೆ

ಮನ್ನಾರ್, ಶ್ರೀಲಂಕಾ
6 ನವೆಂಬರ್ 2023

ಪ್ರೀತಿಯ ಅತ್ತಿಗೆ,

ಮೊಬೈಲ್ ಇರುವ ಕಾಲದಲ್ಲಿ ನಾದಿನಿ ಅಂಚೆಗೆ ಕಾಗದ ಹಾಕಿದ್ದಾಳೆ, ಓದಿ ಓದಿ ತಲೆ ಕೆಟ್ಟಿತು ಎಂದು ನೀನು ನಗುತ್ತಿರುತ್ತೀಯ. ನಮ್ಮ ಸಂಧಾನದ ಕೋರ್ಸಿನ ನಿಯಮವೇ ಹಾಗೆ. ಹಳ್ಳಿಯಲ್ಲಿ ಇರುವಷ್ಟು ದಿನ ಫೋನು ಆಫೀಸಿನ ಕಪಾಟಿನಲ್ಲಿ. ಕೈಯಲ್ಲಿ ಫೋನಿದ್ದರೆ ಎದುರಿಗೆ ಕೂತವರ ಮಾತು ಕಿವಿಗೆ ಇಳಿಯುವುದಿಲ್ಲ ಎನ್ನುತ್ತಾರೆ ನಮ್ಮ ಹೆಲೆನ್ ಮೇಡಂ. ತೀರಾ ತುರ್ತಿದ್ದರೆ ಮಾತ್ರ ಆಫೀಸಿಗೆ ಫೋನ್ ಮಾಡಬಹುದು. ನಂಬರನ್ನು ಕಾಗದದ ಹಿಂದೆ ಬರೆದಿದ್ದೇನೆ.

ಇಲ್ಲಿ ಯುದ್ಧದ ಕಾಲದಲ್ಲಿ ಊರು ಬಿಟ್ಟು ಓಡಿಹೋದವರು ಈಗ ವಾಪಸ್ ಬಂದಿದ್ದಾರೆ. ಅವರು ಬಲೆ ಎಳೆಯುತ್ತಿದ್ದ ದಂಡೆಯಲ್ಲಿ ಈಗ ಬೇರೆಯವರು ಬಲೆ ಎಳೆಯುತ್ತಿದ್ದಾರೆ. ದಂಡೆ ಯಾರದು ಎಂದು ಜಗಳ. ನಮ್ಮ ರಂಪಣಿಯಂಥದೇ ಬಲೆ ಅತ್ತಿಗೆ, ಅದೇ ಹಗ್ಗ, ಅದೇ ಕೂಗು. ನಮ್ಮ ಕೆಲಸ ಎರಡೂ ಕಡೆಯವರನ್ನು ಸುತ್ತ ಕೂರಿಸಿ ಮಾತಾಡಿಸುವುದು. ಬೇರೆ ವಿದ್ಯಾರ್ಥಿಗಳಿಗೆ ಮೀನಿನ ವಾಸನೆಗೇ ತಲೆ ಸುತ್ತುತ್ತದೆ. ನಾನು ಬುಟ್ಟಿಯ ಪಕ್ಕದಲ್ಲೇ ಕೂತು ಊಟ ಮಾಡುತ್ತೇನೆ. "ಇವಳು ಹುಟ್ಟಿದ್ದೇ ಈ ಕೆಲಸಕ್ಕೆ" ಎಂದರು ಮೇಡಂ. ಕುಮಟಾ ಹಾಸ್ಟೆಲಿನಲ್ಲಿ ಇದೇ ವಾಸನೆಗೆ ನನ್ನನ್ನು ಬೇರೆ ಕೋಣೆಯಲ್ಲಿ ಮಲಗಿಸುತ್ತಿದ್ದರು, ನೆನಪಿದೆಯಾ?

ಅಣ್ಣ ಹೇಗಿದ್ದಾನೆ? ದೋಣಿಯಲ್ಲಿ ಜೊತೆಗಿದ್ದ ಸೋಮಣ್ಣನನ್ನು ಅಳಿವೆಯ ಅಲೆ ಎಳೆದುಕೊಂಡ ಮೇಲೆ ಅಣ್ಣ ಸರಿಯಾಗಿ ಮಾತಾಡಿದ್ದನ್ನು ನಾನು ನೋಡಲೇ ಇಲ್ಲ. ಅವನ ಜೊತೆ ಒಂದು ದಿನ ಕೂರುವ ಮೊದಲೇ ವಿಮಾನ ಹತ್ತಿಬಿಟ್ಟೆ. ಕಡಲಿಗೆ ಹೋಗುತ್ತಿದ್ದಾನೆ ತಾನೆ? ಎಲ್ಲವನ್ನೂ ಬಿಡಿಸಿ ಬರೆ. ಯಾವುದನ್ನೂ ಚಿಕ್ಕದೆಂದು ಬಿಡಬೇಡ.

ನಿನ್ನ
ಸುಚಿತಾ

ಕಾಸರಕೋಡ
28 ನವೆಂಬರ್ 2023

ಸುಚಿ,

ನಿನ್ನ ಕಾಗದವನ್ನು ಪೋಸ್ಟ್‌ಮ್ಯಾನ್ ಕೇರಿಗೆಲ್ಲ ತೋರಿಸಿಕೊಂಡು ತಂದ. ಏಳನೇ ಕ್ಲಾಸು ಬಿಟ್ಟ ಮೇಲೆ ನಾನು ಪೆನ್ನು ಹಿಡಿದದ್ದು ರೇಷನ್ ಅಂಗಡಿಯಲ್ಲಿ ಸಹಿ ಹಾಕುವುದಕ್ಕೆ ಮಾತ್ರ. ತಪ್ಪು ಕಂಡರೆ ಕೆಂಪು ಶಾಯಿಯಲ್ಲಿ ತಿದ್ದಿ ವಾಪಸ್ ಕಳಿಸಬೇಡ.

ಎಲ್ಲ ಬಿಡಿಸಿ ಬರೆ ಎಂದಿದ್ದೀಯ. ಬರೆಯುತ್ತೇನೆ. ನಿನ್ನಣ್ಣ ಕಡಲಿಗೆ ಹೋಗುತ್ತಿಲ್ಲ. ಹೋಗಬೇಕೆಂದರೂ ದೋಣಿಗೆ ಜೊತೆ ಬರುವವರಿಲ್ಲ. ನೀನು ಹೋದ ಮೇಲೆ ಸೋಮನ ತಮ್ಮ ವೆಂಕಟ ಒಂದು ಮಾತು ಹಬ್ಬಿಸಿದ. ಅವತ್ತು ಚುಕ್ಕಾಣಿ ಹಿಡಿದವರು ನಿನ್ನಣ್ಣನೇ, ಅಳಿವೆಯಲ್ಲಿ ಅಲೆಗೆ ದೋಣಿಯನ್ನು ಅಡ್ಡ ಹಾಕಿ ಸೋಮನನ್ನು ಕೊಂದದ್ದು ಅವರೇ ಎಂದು. ಮೊದಲು ಯಾರೋ ಇಬ್ಬರು ನಂಬಿದರು. ಈಗ ನಂಬದವರನ್ನು ಹುಡುಕಬೇಕು. ರಂಪಣಿ ಎಳೆಯುವಾಗ ನಿನ್ನಣ್ಣ ಹಗ್ಗಕ್ಕೆ ಕೈ ಹಾಕಿದರೆ ಉಳಿದವರು ಕೈ ಬಿಟ್ಟು ನಿಲ್ಲುತ್ತಾರೆ. ನನ್ನ ಬುಟ್ಟಿಯನ್ನು ತಲೆಗೆ ಎತ್ತಿಕೊಡುವವರಿಲ್ಲ. ನಿನಗೆ ಗೊತ್ತು, ತುಂಬಿದ ಬುಟ್ಟಿ ಒಬ್ಬಳ ಕೈಯಲ್ಲಿ ತಲೆಗೇರುವುದಿಲ್ಲ. ಅರ್ಧ ತುಂಬಿಸಿಕೊಂಡು ಹೊನ್ನಾವರಕ್ಕೆ ಹೋಗುತ್ತೇನೆ. ಇರಲಿ, ಕುತ್ತಿಗೆಗೆ ಆರಾಮ.

ಈಗ ನಿನ್ನಿಂದ ಒಂದು ಕೆಲಸ ಆಗಬೇಕು. ನೀನು ಅವತ್ತು ದಂಡೆಯಲ್ಲಿದ್ದೆ. ನಾನು ಮೀನು ಒಣಹಾಕುತ್ತಿದ್ದಲ್ಲಿಗೆ ಓಡಿ ಬಂದು, "ಅತ್ಗೆ, ಇವತ್ತು ಚುಕ್ಕಾಣಿ ಸೋಮಣ್ಣನ ಕೈಯಾಗೆ ಅದೆ. ನೋಡು ಅಂವನ ಗತ್ತು!" ಎಂದು ನಕ್ಕವಳು ನೀನು. ನಾನು ತಲೆ ಎತ್ತಲಿಲ್ಲ. ಎತ್ತಿದ್ದರೂ ಹೆಂಡತಿಯ ಮಾತು ಕಟ್ಟೆಯಲ್ಲಿ ನಡೆಯುವುದಿಲ್ಲ.

ಎಳ್ಳಮಾವಾಸ್ಯೆಯ ಮರುದಿನ ಇದರ ತೀರ್ಮಾನಕ್ಕೆ ಮಾಸ್ತಿಕಟ್ಟೆಯಲ್ಲಿ ಹಿರಿಯರು ಕೂರುತ್ತಾರೆ. ನಾನು ಯಜಮಾನ ದುರ್ಗಪ್ಪನ ಮನೆಗೆ ಹೋಗಿ ಕೇಳಿದೆ. "ಕಂಡವ್ರು ಒಬ್ರಾದ್ರೂ ಹೇಳ್ಲಿ. ಸುಚಿತಾ ಕಂಡದ್ದು ಹೌದಾದ್ರೆ ಎರಡು ಸಾಲು ಬರ್ದು ಕಳ್ಸಿದ್ರೂ ಆತು. ಕಲ್ತವ್ಳು, ಸುಳ್ಳು ಬರಿಯೂದಿಲ್ಲ" ಎಂದ. ನಿನ್ನಣ್ಣನನ್ನೂ ಕೇಳಿದೆ, ನೀವೇ ಹೇಳಬಾರದೇ ಎಂದು. "ತಪ್ಪು ಸತ್ತವನ ಮೇಲೆ ಹಾಕೂದ? ಸಣ್ಣಮ್ಮನ ಮುಖ ನೋಡೂಕೆ ಬತ್ತದ?" ಎಂದು ಎದ್ದು ಹೋದರು. ಸಣ್ಣಮ್ಮ ಸೋಮನಂಥ ಗಂಡನನ್ನು ಕಳೆದುಕೊಂಡವಳು. ಅವಳ ಬಗ್ಗೆ ನನಗೂ ಮರುಕವಿದೆ. ಆದರೆ ನನ್ನ ಗಂಡ ಬದುಕಿದ್ದಾರಲ್ಲ.

ಎರಡು ಸಾಲು ಸುಚಿ. ನೀನು ಕಂಡದ್ದು, ನಿನ್ನ ಸಹಿ. ಅಷ್ಟೇ.

ಮಾಸ್ತಮ್ಮ

ಮನ್ನಾರ್
19 ಡಿಸೆಂಬರ್ 2023

ಪ್ರೀತಿಯ ಅತ್ತಿಗೆ,

ನಿನ್ನ ಕಾಗದ ಓದಿ ಕಣ್ಣು ತುಂಬಿತು. ಮರುದಿನ ಸಮುದ್ರದ ಹತ್ತಿರ ಒಬ್ಬಳೇ ಕೂತು ಯೋಚಿಸಿದೆ. ಕೂಡಲೇ ಎರಡು ಸಾಲು ಬರೆದು ಕಳಿಸುವುದು ಸುಲಭವಿತ್ತು. ಆದರೆ ಸುಲಭದ ದಾರಿಯಲ್ಲಿ ಹೋಗಬಾರದು ಎಂದೇ ನನಗಿಲ್ಲಿ ಕಲಿಸುತ್ತಿದ್ದಾರೆ.

ಅತ್ತಿಗೆ, ನಾನು ಸಾಕ್ಷಿ ಬರೆದರೆ ಏನಾಗುತ್ತದೆ? ಅಣ್ಣ ಗೆಲ್ಲುತ್ತಾನೆ, ಸಣ್ಣಮ್ಮ ಸೋಲುತ್ತಾಳೆ. ಗಂಡನೂ ಹೋದ, ತಪ್ಪೂ ಅವನದೇ ಎಂದು ಊರೆಲ್ಲ ಹೇಳಿದರೆ ಅವಳು ಬದುಕುವುದು ಹೇಗೆ? ಮತ್ತೆ ನಾಳೆ ವೆಂಕಟ ಸುಮ್ಮನಿರುತ್ತಾನೆಯೇ? ಯಾರ ತಪ್ಪು ಎಂದು ಹುಡುಕುತ್ತ ಹೋದರೆ ಗಾಯ ಮಾಯುವುದಿಲ್ಲ. ಯಾರ ತಪ್ಪು ಎಂಬುದು ಮುಖ್ಯವೇ ಅಲ್ಲ. ನೋವು ಯಾರಿಗೆ ಆಗಿದೆ ಎಂಬುದು ಮುಖ್ಯ. ಅಲ್ಲದೆ ನಾನು ಕಂಡದ್ದು ದೂರದಿಂದ. ದೂರದಿಂದ ಕಂಡದ್ದನ್ನು ಸತ್ಯವೆಂದು ಸಹಿ ಹಾಕುವುದು ಎಷ್ಟು ಸರಿ? ನಾನು ಮನೆಯವಳು ಬೇರೆ. ಮನೆಯವಳಾಗಿ ಒಂದು ಕಡೆ ವಾಲಿದರೆ ಇಲ್ಲಿ ಯಾವ ಮುಖ ಹೊತ್ತು ಸಂಧಾನ ಮಾಡಲಿ?

ಹೋದ ವಾರ ಇಲ್ಲಿ ಒಂದು ಪವಾಡ ನಡೆಯಿತು. ವಾಪಸ್ ಬಂದವರ ಮುಖಂಡ ಎದ್ದು ನಿಂತು, ನಿಮಗೆ ನಮ್ಮಿಂದ ನೋವಾಗಿದ್ದರೆ ಕ್ಷಮಿಸಿ ಎಂದ. ತಪ್ಪು ಅವನದಲ್ಲ, ಎಲ್ಲರಿಗೂ ಗೊತ್ತು. ಆದರೂ ಅವನೇ ಮೊದಲು ತಲೆ ಬಾಗಿದ. ಎದುರಿನವರು ಅತ್ತೇಬಿಟ್ಟರು. ಎಲ್ಲರೂ ಒಂದೇ ಪಾತ್ರೆಯ ಚಹಾ ಕುಡಿದರು.

ಅಣ್ಣನೂ ಹಾಗೇ ಮಾಡಲಿ. ಕಟ್ಟೆಯಲ್ಲಿ ವಾದ ಶುರುವಾಗುವ ಮೊದಲೇ ಎದ್ದು ಮಾಸ್ತಿಯಮ್ಮನ ಮುಂದೆ ತಪ್ಪುಕಾಣಿಕೆ ಇಟ್ಟು ಸಣ್ಣಮ್ಮನಿಗೆ ಕೈಮುಗಿಯಲಿ. ಹರಕೆ ಮರೆತರೆ ನಾವು ಅಮ್ಮನಿಗೆ ಇಡುತ್ತೇವಲ್ಲ, ಹಾಗೆ. ಅದು ಸೋಲಲ್ಲ, ಮಾತು ಶುರು ಮಾಡುವ ಬಾಗಿಲು. ಇದನ್ನು ಅಣ್ಣನಿಗೆ ನೀನೇ ಓದಿ ಹೇಳು. ನನ್ನ ಮಾತೆಂದರೆ ಅವನು ಕೇಳುತ್ತಾನೆ.

ಇನ್ನೊಂದು. ಯಾರು ಎಲ್ಲಿ ಕೂತಿದ್ದರು, ಮೊದಲು ಯಾರು ಮಾತಾಡಿದರು, ಹೆಂಗಸರು ಎಲ್ಲಿದ್ದರು ಎಂಬುದನ್ನೆಲ್ಲ ಗಮನಿಸಿ ಬರೆ. ಮೇಡಂಗೆ ನಮ್ಮ ಕಟ್ಟೆಯ ಬಗ್ಗೆ ಬಹಳ ಆಸಕ್ತಿ. ನಾನು ಒಮ್ಮೆಯೂ ಒಳಗೆ ಹೋಗಿ ನೋಡಿದವಳಲ್ಲ.

ನಿನ್ನ
ಸುಚಿತಾ

ಕಾಸರಕೋಡ
15 ಜನವರಿ 2024

ಸುಚಿ,

ನಿನ್ನ ಕಾಗದ ಎಳ್ಳಮಾವಾಸ್ಯೆಗೆ ಎರಡು ದಿನ ಮೊದಲು ಬಂತು. ನಿನ್ನಣ್ಣನಿಗೆ ಓದಿ ಹೇಳಿದೆ. ಇನ್ನೊಮ್ಮೆ ಓದು ಎಂದರು. ಓದಿದೆ. "ಅವಳು ಹೇಳಿದ್ದೇ ಸರಿ" ಎಂದರು.

ನೀನು ಕೇಳಿದ್ದು: ದುರ್ಗಪ್ಪ ಕಟ್ಟೆಯ ಮೇಲೆ. ಎಡಕ್ಕೆ ವೆಂಕಟ ಮತ್ತು ಅವನ ಕಡೆಯವರು. ಬಲಕ್ಕೆ ನಿನ್ನಣ್ಣ. ನಿನ್ನಣ್ಣನ ಹತ್ತಿರ ಯಾರೂ ಕೂತಿರಲಿಲ್ಲ. ಹೆಂಗಸರು ಆಲದ ಮರದ ಆಚೆ. ಸಣ್ಣಮ್ಮನನ್ನು ಮಾತ್ರ ಒಳಗೆ ಕರೆದು ಚಾಪೆ ಹಾಕಿ ಕೂರಿಸಿದ್ದರು. ಮೊದಲು ಎದ್ದವರು ನಿನ್ನಣ್ಣ. ಬೇರೆ ಯಾರೂ ಮಾತಾಡಲಿಲ್ಲ. ಗಲಾಟೆ ಇಲ್ಲ, ಕೂಗಾಟ ಇಲ್ಲ. ಎಲ್ಲರೂ ಬೇಗ ಮನೆಗೆ ಹೋದರು.

ಚಹಾ ಇರಲಿಲ್ಲ.

ಮಾಸ್ತಮ್ಮ

ಮನ್ನಾರ್
5 ಫೆಬ್ರವರಿ 2024

ನನ್ನ ಚಿನ್ನದಂಥ ಅತ್ತಿಗೆ,

ನಿನ್ನ ಕಾಗದವನ್ನು ಎಷ್ಟು ಸಲ ಓದಿದೆನೋ! ಗಲಾಟೆ ಇಲ್ಲ, ಕೂಗಾಟ ಇಲ್ಲ ಎಂದು ಎಷ್ಟು ಸರಳವಾಗಿ ಬರೆದುಬಿಟ್ಟೆ. ಕೊಲೆಯ ಆರೋಪ ಕೇಳಲು ಕೂತಿದ್ದ ಕಟ್ಟೆಯಿಂದ ಜನ ಶಾಂತವಾಗಿ ಮನೆಗೆ ಹೋದರು ಎಂದರೆ ಅದು ಸಣ್ಣ ಸಂಗತಿಯಲ್ಲ. ಅಣ್ಣ ಎದ್ದು ನಿಂತದ್ದನ್ನು ನೆನೆದರೆ ಮೈ ಜುಂ ಎನ್ನುತ್ತದೆ. ಚಹಾ ಇಲ್ಲದಿದ್ದರೇನು, ಮುಂದಿನ ಸಲ ನಾನು ಬಂದು ಎಲ್ಲರಿಗೂ ಮಾಡಿಕೊಡುತ್ತೇನೆ.

ನಿನ್ನ ಕಾಗದವನ್ನು ಇಂಗ್ಲಿಷಿಗೆ ಮಾಡಿ ನಮ್ಮ ತರಗತಿಯಲ್ಲಿ ಓದಿದೆ. ಮೇಡಂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಕಾಸರಕೋಡದ ಈ ವಿಷಯವನ್ನೇ ಪ್ರಬಂಧಕ್ಕೆ ತೆಗೆದುಕೊಳ್ಳುತ್ತೇನೆಂದು ಡಿಸೆಂಬರಿನಲ್ಲೇ ಬರೆದುಕೊಟ್ಟಿದ್ದೆ. ಆಗ ಮೇಡಂ, ಕೊನೆ ಹೇಗಾಗುತ್ತದೋ ನೋಡೋಣ ಎಂದಿದ್ದರು. ಈಗ ಏಪ್ರಿಲಿನಲ್ಲಿ ಕೊಲಂಬೊದಲ್ಲಿ ನಡೆಯುವ ಸಮ್ಮೇಳನಕ್ಕೆ ನನ್ನನ್ನು ಆರಿಸಿದ್ದಾರೆ. ಹೆದರಬೇಡ, ಹೆಸರುಗಳನ್ನು ಹಾಕಿಲ್ಲ. ಅಣ್ಣ 'ಮೀನುಗಾರ ಎ', ಸೋಮಣ್ಣ 'ಮೀನುಗಾರ ಬಿ'. ನಿನಗೆ ಅಕ್ಷರ ಕೊಡುವ ಅಗತ್ಯ ಬೀಳಲಿಲ್ಲ.

ಒಂದು ಫೋಟೋ ಬೇಕಿತ್ತು. ಅಣ್ಣ ಮತ್ತು ಸಣ್ಣಮ್ಮ ಒಟ್ಟಿಗೆ ನಿಂತದ್ದು, ಹಿಂದೆ ದೋಣಿ ಕಾಣುವ ಹಾಗೆ. ಮುಖ ಮಸುಕು ಮಾಡುತ್ತೇವೆ.

ಅಂದ ಹಾಗೆ, ಜನವರಿಯಲ್ಲಿ ಮನೆಯಿಂದ ಫೋನ್ ಬಂದಿತ್ತು ಎಂದು ಆಫೀಸಿನಲ್ಲಿ ಒಂದು ಚೀಟಿ ಸಿಕ್ಕಿತು. 'ಎಲ್ಲ ಓಕೆ' ಎಂದು ಬರೆದಿದ್ದರು. ನೀನೇ ಮಾಡಿದ್ದಾ? ಖುಷಿಯನ್ನು ತಡೆದುಕೊಳ್ಳಲಾಗಲಿಲ್ಲ ಅಲ್ಲವೇ?

ನಿನ್ನ
ಸುಚಿತಾ

ಶಿರಾಲಿ
2 ಮಾರ್ಚ್ 2024

ಸುಚಿತಾ,

ನಾನೀಗ ಶಿರಾಲಿಯಲ್ಲಿ ನನ್ನ ತವರಿನಲ್ಲಿದ್ದೇನೆ. ನಿನ್ನ ಕಾಗದ ಕಾಸರಕೋಡಕ್ಕೆ ಹೋಗಿ ತಿರುಗಿ ಇಲ್ಲಿಗೆ ಬಂತು. ಒಳ್ಳೆಯದೇ ಆಯಿತು. ಅಲ್ಲೇ ಸಿಕ್ಕಿದ್ದರೆ ಒಲೆಗೆ ಹಾಕುತ್ತಿದ್ದೆ. ಇಲ್ಲಿ ಒಲೆ ನನ್ನ ಅತ್ತಿಗೆಯದು, ಕೇಳಿ ಹಾಕಬೇಕು.

ನೀನು ಹೆಣ್ಣು. ಹತ್ತು ವರ್ಷಕ್ಕೇ ಹಾಸ್ಟೆಲು ಸೇರಿದೆ. ಕಟ್ಟೆಯ ಕ್ರಮ ನಿನಗೆ ಗೊತ್ತಿಲ್ಲದ್ದಕ್ಕೆ ನಿನ್ನನ್ನು ಬೈಯುವುದಿಲ್ಲ. ಗೊತ್ತಿಲ್ಲ ಎಂಬುದೂ ನಿನಗೆ ಗೊತ್ತಿರಲಿಲ್ಲವಲ್ಲ, ಅದಕ್ಕೆ ಬೈಯುತ್ತೇನೆ. ಹರಕೆ ಮರೆತು ಗುಡಿಯಲ್ಲಿ ಇಡುವ ಕಾಣಿಕೆಯೇ ಬೇರೆ. ಹಿರಿಯರು ಕೂತಾಗ ಮಾಸ್ತಿಕಟ್ಟೆಯ ಮುಂದೆ ಕಾಯಿ, ವೀಳ್ಯ ಇಟ್ಟು ಕೈಮುಗಿದರೆ, ನಾನೇ ಮಾಡಿದೆ ಎಂದ ಹಾಗೆ. ಆಮೇಲೆ ಇಟ್ಟವನೂ ಮಾತಾಡುವಂತಿಲ್ಲ, ಎದುರಿನವರೂ ಮಾತಾಡುವಂತಿಲ್ಲ. ಅಮ್ಮನಿಗೆ ಒಪ್ಪಿಸಿದ್ದನ್ನು ಮನುಷ್ಯರು ಬಿಚ್ಚುವುದಿಲ್ಲ. ಗಲಾಟೆ ಇರಲಿಲ್ಲ ಎಂದು ಕುಣಿದೆಯಲ್ಲ, ಅದಕ್ಕೇ ಇರಲಿಲ್ಲ.

ನಾನು ನಿನ್ನಣ್ಣನಿಗೆ ಹೇಳಿದೆ. ಕಾಲು ಹಿಡಿದೆ. "ಅವಳು ದೊಡ್ಡ ದೊಡ್ಡ ಜಗಳ ಬಿಡಿಸೂಕೆ ಹೋದವಳು. ನಮಗಿಂತ ಹೆಚ್ಚು ಕಂಡವಳು. ಹೀಂಗೆ ಮಾಡಿದ್ರೆ ಸಣ್ಣಮ್ಮಂಗೂ ಸಮಾಧಾನ" ಎಂದರು. ನನ್ನ ಮಾತಿಗೆ ನಿಲ್ಲುವವರಲ್ಲ, ನೀನು ಬೇಡ ಎಂದರೆ ನಿಲ್ಲುತ್ತಿದ್ದರು. ಅಮಾವಾಸ್ಯೆಯ ಹಿಂದಿನ ದಿನ ಹೊನ್ನಾವರಕ್ಕೆ ಹೋಗಿ, ಹೊರದೇಶಕ್ಕೆ ಫೋನ್ ಹೋಗುವ ಅಂಗಡಿ ಹುಡುಕಿ, ನೀನು ಕೊಟ್ಟ ಆಫೀಸಿನ ನಂಬರಿಗೆ ಮಾಡಿದೆ. ಒಬ್ಬಳು ಇಂಗ್ಲಿಷಿನಲ್ಲಿ ಏನೋ ಕೇಳಿದಳು. "ಸುಚಿತಾ, ಸುಚಿತಾ" ಎಂದೆ. "ಕಾಣಿಕೆ ಬೇಡ ಅಂತ ಹೇಳಿ" ಎಂದೆ. ಅವಳು "ಓಕೆ, ಓಕೆ" ಎಂದು ಇಟ್ಟಳು. ಖುಷಿ ತಡೆಯಲಾರದೆ ಮಾಡಿದ ಫೋನು ಅದೇ.

ತೀರ್ಮಾನ ಕೇಳು, ನಿನ್ನ ಪ್ರಬಂಧಕ್ಕೆ ಬೇಕಾಗಬಹುದು. ನಮ್ಮ ದೋಣಿ ಸಣ್ಣಮ್ಮನ ಮನೆಗೆ ಹೋಯಿತು. ವೆಂಕಟ ನಡೆಸುತ್ತಾನೆ. ನಿನ್ನಣ್ಣ ಆ ದಂಡೆಯಲ್ಲಿ ಇನ್ನು ಸಾಯುವವರೆಗೆ ಚುಕ್ಕಾಣಿ ಮುಟ್ಟುವಂತಿಲ್ಲ. ಈಗ ಭಟ್ಕಳದ ಬಂದರಿನಲ್ಲಿ ಲಾರಿಗೆ ಐಸು ಹೊರುತ್ತಾರೆ. ಕಡಲಿಗೆ ಬೆನ್ನು ಹಾಕಿ ನಿಲ್ಲುತ್ತಾರಂತೆ, ನೋಡಿದವರು ಹೇಳಿದರು. ಹದಿನೈದು ದಿನಕ್ಕೊಮ್ಮೆ ಶಿರಾಲಿಗೆ ಬರುತ್ತಾರೆ, ಉಣ್ಣುತ್ತಾರೆ, ಮಲಗುತ್ತಾರೆ, ಹೋಗುತ್ತಾರೆ.

ಇದನ್ನಾದರೂ ಸಹಿಸಿದ್ದೆ. ಊರು ಬಿಡುವ ದಿನ ಸಣ್ಣಮ್ಮ ಬೇಲಿಯ ಹತ್ತಿರ ಬಂದಳು. "ನಾ ಅವತ್ತು ಹೇಳೂಕೇ ಬಂದಿದ್ದೆ ಮಾಸ್ತಮ್ಮ. ನಮ್ಮೋರು ಅಳಿವೆಯಾಗೆ ಚುಕ್ಕಾಣಿ ಮತ್ತೊಬ್ರ ಕೈಗೆ ಕೊಡೂರೇ ಅಲ್ಲ. ನಂಗೆ ಗೊತ್ತಿಲ್ದ? ದುರ್ಗಪ್ಪ ಕೇಳಿದ್ರೆ ಹೇಳೂದು ಅಂತ ಕೂತಿದ್ದೆ. ನಾ ಬಾಯಿ ಬಿಡೂಕೆ ಮೊದ್ಲೇ ನಿನ್ನ ಗಂಡ ಕಾಯಿ ಇಟ್ಟ. ಅಂವನೇ ಒಪ್ಕಂಡ ಮೇಲೆ ಸತ್ತವರ ಮೇಲೆ ನಾ ಎಂತಕ್ಕೆ ಹಾಕ್ಲಿ?" ಎಂದಳು.

ತಿಳಿಯಿತಾ? ನಿನ್ನ ಎರಡು ಸಾಲು ಬಾರದಿದ್ದರೂ ನಡೆಯುತ್ತಿತ್ತು. ನೀನು ಏನೂ ಬರೆಯದೆ ಸುಮ್ಮನಿದ್ದಿದ್ದರೆ ಸಾಕಿತ್ತು.

ಯಾರ ತಪ್ಪು ಎಂಬುದು ಮುಖ್ಯವಲ್ಲ ಎಂದಿದ್ದೆಯಲ್ಲ, ಹೌದು, ದೋಣಿ ಇಲ್ಲದವನಿಗೆ ಅದು ಮುಖ್ಯವಲ್ಲ. ನಮ್ಮ ಮನೆ ಹೊತ್ತಿಕೊಂಡದ್ದನ್ನು ಡಿಸೆಂಬರಿನಲ್ಲೇ ಮೇಡಂಗೆ ಬರೆದುಕೊಟ್ಟು, ಕೊನೆ ಹೇಗಾಗುತ್ತದೆ ಎಂದು ಕಾಯುತ್ತ ಕೂತೆಯಲ್ಲ. ಈಗ ಕೊನೆ ಸಿಕ್ಕಿತು. 'ಬಿ' ಸತ್ತ. 'ಎ' ಐಸು ಹೊರುತ್ತಾರೆ. ಅಕ್ಷರ ಸಿಗದವಳು ತವರಿನ ಜಗಲಿಯಲ್ಲಿ ಒಣಮೀನು ಮಾರುತ್ತಾಳೆ.

ಫೋಟೋ ಇಲ್ಲ. ದೋಣಿಯ ಜೊತೆ ನಿಲ್ಲಿಸಬೇಕಾದರೆ ವೆಂಕಟನನ್ನು ಕೇಳಬೇಕು.

ಮಾಸ್ತಮ್ಮ

ಮನ್ನಾರ್
23 ಮಾರ್ಚ್ 2024

ಅತ್ತಿಗೆ,

ಏನು ಬರೆಯಲಿ? ತಪ್ಪಾಯಿತು. ನನ್ನಿಂದ ತಪ್ಪಾಯಿತು ಅತ್ತಿಗೆ. ಅಣ್ಣನ ಕಾಲು ಹಿಡಿಯುತ್ತೇನೆ, ನಿನ್ನ ಕಾಲು ಹಿಡಿಯುತ್ತೇನೆ. ಅವನು ಐಸು ಹೊರುವುದನ್ನು ನೆನೆದು ಎರಡು ದಿನದಿಂದ ಅನ್ನ ಇಳಿದಿಲ್ಲ. ನಾನು ಕೆಟ್ಟದ್ದನ್ನು ಬಯಸಿದವಳಲ್ಲ, ನಿನಗೆ ಗೊತ್ತಲ್ಲ? ನನ್ನ ಜಡೆ ಹೆಣೆದು ಶಾಲೆಗೆ ಕಳಿಸಿದವಳು ನೀನು. ನಿನಗಾದರೂ ಗೊತ್ತಿರಬೇಕು.

ಇದರ ಜೊತೆ ದುರ್ಗಪ್ಪನ ಹೆಸರಿಗೆ ಒಂದು ಕಾಗದ ಇಟ್ಟಿದ್ದೇನೆ. ಅವತ್ತು ಚುಕ್ಕಾಣಿ ಸೋಮಣ್ಣನ ಕೈಯಲ್ಲಿತ್ತು, ನಾನು ಕಣ್ಣಾರೆ ಕಂಡೆ ಎಂದು ಸ್ಪಷ್ಟವಾಗಿ ಬರೆದು ಸಹಿ ಹಾಕಿದ್ದೇನೆ. ದೂರದಿಂದ ಕಂಡದ್ದಾದರೂ ಅನುಮಾನವಿಲ್ಲ. ಸೋಮಣ್ಣ ಹಳದಿ ಅಂಗಿ ಹಾಕಿದ್ದ, ಹಿಂದುಗಡೆ ಕೂತಿದ್ದ. ಅಣ್ಣ ಮುಂದೆ ನಿಂತು ಬಲೆ ಸರಿಮಾಡುತ್ತಿದ್ದ. ಇದನ್ನು ಕೂಡಲೇ ದುರ್ಗಪ್ಪನಿಗೆ ಮುಟ್ಟಿಸು.

ನಾನೇ ಬರುತ್ತೇನೆ. ಕಟ್ಟೆಯ ಮುಂದೆ ನಿಂತು ಹೇಳುತ್ತೇನೆ, ಹೆಂಗಸೆಂದು ಓಡಿಸಲಿ, ಆದರೂ ಹೇಳುತ್ತೇನೆ. ಸಮ್ಮೇಳನ ಮುಗಿದ ಕೂಡಲೇ ಹೊರಡುತ್ತೇನೆ. ಅದನ್ನು ಬಿಟ್ಟು ಬರುವುದೇ ಸರಿ, ನನಗೆ ಗೊತ್ತು. ಆದರೆ ನನ್ನ ಹೆಸರು ಆಗಲೇ ಅಚ್ಚಾಗಿದೆ, ಮೇಡಂಗೆ ಹೇಗೆ ಹೇಳುವುದೋ ತಿಳಿಯುತ್ತಿಲ್ಲ. ಪ್ರಬಂಧದ ಕೊನೆಯನ್ನು ತಿದ್ದುತ್ತೇನೆ. ಒಂದು ಅಡಿಟಿಪ್ಪಣಿಯನ್ನಾದರೂ ಹಾಕುತ್ತೇನೆ.

ಒಂದು ಸಾಲು ಬರೆ ಅತ್ತಿಗೆ. ಬೈದಾದರೂ ಬರೆ. ತಪ್ಪಾಯಿತು.

ಸುಚಿ

ಶಿರಾಲಿ
20 ಏಪ್ರಿಲ್ 2024

ಸುಚಿತಾ,

ನಿನ್ನ ಎರಡು ಸಾಲು ಬಂತು. ಚೆನ್ನಾಗಿ ಬರೆದಿದ್ದೀಯ. ಹಳದಿ ಅಂಗಿ ನನಗೂ ನೆನಪಿದೆ. ಹೆಣ ಸಿಕ್ಕಾಗ ಅದೇ ಇತ್ತು.

ಬಸ್ಸು ಹತ್ತಿ ಕಾಸರಕೋಡಕ್ಕೆ ಹೋಗಿ ದುರ್ಗಪ್ಪನಿಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು ನಿಧಾನ ಓದಿದ. ಮಡಚಿ ನನ್ನ ಕೈಗೇ ಕೊಟ್ಟ. "ಎಳ್ಳಮಾಸೆಗೆ ಮೊದ್ಲು ಬಂದಿದ್ರೆ ನಾ ತಲೆ ಮೇಲೆ ಇಟ್ಕಂತಿದ್ದೆ. ಈಗ ಎಂತ ಮಾಡೂದು? ಅಮ್ಮನ ಮುಂದೆ ಇಟ್ಟದ್ದು ವಾಪಸ್ ತೆಗೆಯೂಕೆ ಬತ್ತದ?" ಎಂದ. ಅವನ ಹೆಂಡತಿ ಕುಡಿಯಲು ನೀರು ಕೊಟ್ಟಳು. ಮೊದಲಾಗಿದ್ದರೆ ಊಟ ಮಾಡಿಸದೆ ಬಿಡುತ್ತಿರಲಿಲ್ಲ.

ನಿನ್ನಣ್ಣ ಮೊನ್ನೆ ಬಂದಿದ್ದರು. ಊರು ಏನಾದರೂ ಹೇಳಲಿ, ಅವರ ಜೀವಕ್ಕಾದರೂ ತಂಪಾಗಲಿ ಎಂದು ಉಣ್ಣುವಾಗ ನಿನ್ನ ಸಾಕ್ಷಿಯನ್ನು ಓದಿ ಹೇಳಿದೆ. ಕೈಯಲ್ಲಿದ್ದ ತುತ್ತು ಹಾಗೇ ಹಿಡಿದು ಕೇಳಿದರು. ಆಮೇಲೆ, "ಅವಳು ದಂಡೆಯಾಗೆ ಇದ್ದವಳು. ಅಷ್ಟು ದೂರದಿಂದ ಅವಳಿಗೆ ಎಂತ ಕಂಡದೆ? ಚುಕ್ಕಾಣಿ ನನ್ನ ಕೈಯಾಗೇ ಇತ್ತು" ಎಂದರು.

ನಾನು ಗಾಬರಿಯಾಗಿ, ಏನು ಮಾತಾಡುತ್ತೀರಿ, ಬಲೆ ಸರಿಮಾಡುತ್ತಿದ್ದೆ ಎಂದು ಅವತ್ತು ನೀವೇ ನನಗೆ ಹೇಳಿದ್ದಲ್ಲವೇ ಎಂದೆ. "ಇಲ್ಲ. ಅಲೆ ಬಂದಾಗ ನಾನೇ ತಿರುಗಿಸಿದ್ದು. ಈಗ್ಲೂ ಕೈಗೆ ಗೊತ್ತಾತದೆ" ಎಂದರು. ಅಂಗೈ ಬಿಚ್ಚಿ ನೋಡಿಕೊಂಡರು. ಐಸು ಹೊತ್ತು ಬಿರಿದ ಅಂಗೈ. ಆಮೇಲೆ ಅನ್ನ ಕಲಸಿ ಉಂಡರು. ನಾನು ಬಡಿಸಿದೆ. ನನ್ನ ಗಂಡನನ್ನು ಊರು ತಪ್ಪುಗಾರ ಎಂದಾಗ ನನಗೆ ಇಷ್ಟು ಭಯವಾಗಿರಲಿಲ್ಲ.

ಸಮ್ಮೇಳನ ಮುಗಿದಿರಬೇಕು. ನೀನು ಬರಬೇಡ. ಬಂದು ಯಾರಿಗೆ ಹೇಳುತ್ತೀಯ? ಕಟ್ಟೆ ಕೇಳುವುದಿಲ್ಲ, ಸಣ್ಣಮ್ಮನಿಗೆ ಬೇಡ, ನಿನ್ನಣ್ಣ ನಂಬುವುದಿಲ್ಲ. ಉಳಿದವಳು ನಾನೊಬ್ಬಳು. ನನಗೆ ಮೊದಲೇ ಗೊತ್ತಿತ್ತು.

ನಿನ್ನ ಜಡೆ ಹೆಣೆದದ್ದು ನಿಜ. ಅದನ್ನು ನೀನು ನೆನಪಿಸಬೇಕಾಗಿರಲಿಲ್ಲ. ಒಂದು ಸಾಲು ಬರೆ ಎಂದು ಕೇಳಿದ್ದೀಯ. ನಿನ್ನ ಕಾಗದದಲ್ಲಿ ತಪ್ಪಾಯಿತು ತಪ್ಪಾಯಿತು ಎಂದು ಬರೆದದ್ದನ್ನು ಓದಿದೆ. ಅದು ನನಗೆ ಮುಟ್ಟಿತು. ಒಪ್ಪಿಸಿಕೊಂಡಿದ್ದೇನೆ. ತಪ್ಪುಕಾಣಿಕೆ ಇಟ್ಟ ಮೇಲೆ ನಮ್ಮಲ್ಲಿ ಎರಡೂ ಕಡೆಯವರು ಮತ್ತೆ ಮಾತಾಡುವುದಿಲ್ಲ. ಈಗ ನಿನಗೂ ಗೊತ್ತು.

ಮಾಸ್ತಮ್ಮ